ಹದಿನೇಳು ಮಕ್ಕಳ ಕ್ರಿಸ್‌ಮಸ್ ಚಿತ್ರ

ಕೋವಿಡ್ ಮುಗಿದು ಶಾಲೆಗಳು ಮತ್ತೆ ಸರಿಯಾಗಿ ನಡೆಯತೊಡಗಿದ ವರ್ಷ ನಾನು ಶಿವಾಜಿನಗರದ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಐದನೇ ತರಗತಿಯಲ್ಲಿ ಇದ್ದವರು ಹದಿನೇಳೇ ಮಕ್ಕಳು.

ಡಿಸೆಂಬರ್ ಮೊದಲ ವಾರ ಹೆಡ್‌ಮಿಸ್ಟ್ರೆಸ್ ನನ್ನನ್ನು ಕರೆದು ಆಡಳಿತ ಮಂಡಳಿಯ ಪತ್ರ ತೋರಿಸಿದರು. ಪರೀಕ್ಷೆ ಮುಗಿದ ಮೇಲೆ ಶಾಲೆ ಮುಚ್ಚುತ್ತದೆ. ಮಕ್ಕಳಿಗೆ ರಾಮಮೂರ್ತಿ ನಗರದಲ್ಲಿರುವ ಮಂಡಳಿಯ ಇನ್ನೊಂದು ಶಾಲೆಯಲ್ಲಿ ಸೀಟು.

"ಪೇರೆಂಟ್ಸ್‌ಗೆ ಈಗಲೇ ಹೇಳ್ಬೇಡಿ ಮೇಡಂ, ಹಬ್ಬ ಮುಗೀಲಿ," ಎಂದರು. ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಮಂಡಳಿಯವರು ಬರುವವರಿದ್ದರು. ಗೋಡೆಗೆ ಏನಾದರೂ ದೊಡ್ಡದಾಗಿ ಮಾಡಿಸಿ ಎಂದೂ ಸೇರಿಸಿದರು.

ನಾನು ಮಿಕ್ಸ್ಡ್ ಮೀಡಿಯಾ ಆರಿಸಿಕೊಂಡೆ. ಬಣ್ಣ, ಬಟ್ಟೆ, ಕಾಗದ, ದಾರ ಎಲ್ಲವನ್ನೂ ಒಂದೇ ಚಿತ್ರದಲ್ಲಿ ಕೂಡಿಸುವ ವಿಧಾನ ಅದು. ಕ್ರಿಸ್ತಜನನದ ಚಿತ್ರಕ್ಕಾಗಿ ಫ್ರಿಜ್ಜಿನ ಪೆಟ್ಟಿಗೆ ಬಿಚ್ಚಿ ಆರಡಿ ಅಗಲದ ರಟ್ಟು ಸಿದ್ಧಮಾಡಿದೆವು. ಮೇರಿಯ ಉಡುಪಿಗೆ ಟೈಲರ್ ಅಂಗಡಿಯ ನೀಲಿ ಸ್ಯಾಟಿನ್ ಚೂರುಗಳು, ಕೊಟ್ಟಿಗೆಯ ಹುಲ್ಲಿಗೆ ಗೋಣಿಯ ನಾರು. ಕುರಿಗಳನ್ನು ನಾನು ಕಲಿಸಬೇಕಾಗಲಿಲ್ಲ. ಮಾಂಸದ ಅಂಗಡಿಯವರ ಮಕ್ಕಳೇ ಮೂವರಿದ್ದರು; ಕಿವಿ ಎಲ್ಲಿ ಬರಬೇಕೆಂದು ನನ್ನನ್ನೇ ತಿದ್ದಿದರು.

ಸ್ಯಾಟಿನ್ ಕೆಲಸ ಆಯೇಷಾಳದು. ಎರಡು ವರ್ಷ ಮನೆಯಲ್ಲಿ ಕೂತು ಓದುವುದನ್ನೇ ಮರೆತಿದ್ದ ಹುಡುಗಿ. ಆ ಡಿಸೆಂಬರಿನಲ್ಲಿ ಎಲ್ಲರಿಗಿಂತ ಮೊದಲು ಬರುತ್ತಿದ್ದಳು. ಒಂದು ಮಧ್ಯಾಹ್ನ ಗಮ್ಮು ಹಚ್ಚುತ್ತಲೇ ಕೇಳಿದಳು:

"ಮಿಸ್, ಸ್ಕೂಲ್ ಮುಚ್ಚಿಬಿಡ್ತಾರೆ ಅಂತ ಆಯಾಮ್ಮ ಹೇಳ್ತಿದ್ರು. ನಮ್ ಚಿತ್ರ ಚೆನ್ನಾಗಿದ್ರೆ ಮುಚ್ಚಲ್ಲ ಅಲ್ವಾ?"

ಹದಿನೇಳೂ ಮಕ್ಕಳ ಕೈ ನಿಂತಿತು. ಪತ್ರವನ್ನು ನಾನು ಕಣ್ಣಾರೆ ಓದಿದ್ದೆ.

"ಮುಚ್ಚಲ್ಲ ಕಣೆ. ನೀನು ಅಂಟಿಸು," ಎಂದೆ.

ಕಾರ್ಯಕ್ರಮದ ದಿನ ಮಂಡಳಿಯವರು ಬಂದರು. ಚಿತ್ರದ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಸಿಕೊಂಡರು, "ವೆರಿ ನೈಸ್" ಎಂದರು, ಕೇಕ್ ತಿಂದು ಹೊರಟರು. ಫೆಬ್ರವರಿ ಕೊನೆಯಲ್ಲಿ ಪೋಷಕರಿಗೆ ಸುತ್ತೋಲೆ ಹೋಯಿತು.

ಮರುದಿನವೇ ಆಯೇಷಾಳ ತಾಯಿ ಬಂದರು. ಜಗಳಕ್ಕಲ್ಲ, ಧ್ವನಿಯನ್ನೂ ಏರಿಸಲಿಲ್ಲ.

"ನೀವೇ ಹೇಳಿದ್ರಂತಲ್ಲ ಮಿಸ್, ಮುಚ್ಚಲ್ಲ ಅಂತ. ಅದಕ್ಕೇ ಪಕ್ಕದ ಸ್ಕೂಲಲ್ಲಿ ಡಿಸೆಂಬರಲ್ಲಿ ಫಾರ್ಮ್ ಕೊಡೋವಾಗ ನಾನು ತಗೊಳ್ಳಿಲ್ಲ. ಈಗ ಸೀಟಿಲ್ಲ ಅಂತಾರೆ."

ಅವರ ಜೊತೆ ಮೂರು ಶಾಲೆಗಳಿಗೆ ಅಲೆದೆ. ಎಲ್ಲೂ ಆರನೇ ತರಗತಿಗೆ ಜಾಗವಿರಲಿಲ್ಲ. ಹತ್ತಿರದ ಸರ್ಕಾರಿ ಶಾಲೆ ಐದಕ್ಕೇ ಮುಗಿಯುತ್ತಿತ್ತು. ರಾಮಮೂರ್ತಿ ನಗರಕ್ಕೆ ಎರಡು ಬಸ್ಸು. "ಅಷ್ಟು ದೂರ ಹುಡುಗೀನ ಒಬ್ಳೇ ಹೆಂಗ್ ಕಳಿಸ್ಲಿ?" ಎಂದರು ಆ ತಾಯಿ.

ಜುಲೈಯಲ್ಲಿ ಅವರ ಮನೆಗೆ ಹೋದೆ. ಅವಳು ಯಾವ ಶಾಲೆಗೂ ಸೇರಿರಲಿಲ್ಲ. ತಾಯಿ ಚಹಾ ಕೊಟ್ಟು, "ಆಯೇಷಾ, ಮಿಸ್ ಬಂದವ್ರೆ" ಎಂದು ಎರಡು ಸಲ ಕರೆದರು. ಪರದೆಯ ಹಿಂದೆ ಕಾಲು ಕಾಣುತ್ತಿತ್ತು. ಅವಳು ಹೊರಗೆ ಬರಲಿಲ್ಲ.

ಮಕ್ಕಳ ಮನಸ್ಸು ನೋಯಿಸಬಾರದೆಂದು ಮೂವತ್ತು ವರ್ಷ ಎಚ್ಚರದಿಂದಿದ್ದೆ. ಕೆಟ್ಟ ಸುದ್ದಿಯನ್ನು ಹೊತ್ತಿಗೆ ಸರಿಯಾಗಿ ಹೇಳುವುದೂ ಟೀಚರ್ ಕೆಲಸವೇ ಎಂದು ಕಲಿಯುವ ಹೊತ್ತಿಗೆ, ಅದನ್ನು ಕೇಳಬೇಕಾದವಳು ಯಾವ ತರಗತಿಯಲ್ಲೂ ಇರಲಿಲ್ಲ.