ಡೆಕ್ಲನ್‌ನ ಹೊಲದ ಮಣ್ಣುಕೋಟೆ

ಮೊನ್ನೆ ಬ್ಯೂಮಾಂಟಿನ ನಮ್ಮ ರಸ್ತೆಯಲ್ಲಿ ಪೈಪು ಹಾಕಲು ನೆಲ ಅಗೆದಿದ್ದರು. ಹಸಿಮಣ್ಣಿನ ವಾಸನೆ ಮನೆಯೊಳಕ್ಕೂ ಬಂತು. ಆ ವಾಸನೆಗೆ ಊರು ನೆನಪಾಗಬೇಕು ಎಂಬುದು ಪರದೇಶದಲ್ಲಿರುವವರಿಗೆ ಯಾರೋ ಮಾಡಿಟ್ಟ ನಿಯಮ. ನಾನೇನು ಮಾಡಲಿ ಹೇಳಿ, ನನಗೆ ನೆನಪಾದದ್ದು ಇಲ್ಲಿನದೇ ಐರಿಷ್ ಹಳ್ಳಿಗಾಡಿನ, ಮೀತ್ ಕೌಂಟಿಯ ಒಂದು ದಿಬ್ಬ, ಜೊತೆಗೆ ಗಿರಿಜಕ್ಕ.

ಗಿರಿಜಕ್ಕ ಬಳ್ಳಾರಿ ಕಡೆಯವರು, ನಮ್ಮ ಆಸ್ಪತ್ರೆಯಲ್ಲಿ ನನಗಿಂತ ಹಿರಿಯ ವೈದ್ಯೆ. ಆಪರೇಷನ್ನಿಗೆ ಮುಂಚೆ ರೋಗಿಗೆ ಅರಿವಳಿಕೆ ಕೊಡುವುದು ಅವರ ಕೆಲಸ. ವಾರವಿಡೀ ಜನರನ್ನು ಮಲಗಿಸಿದ್ದಕ್ಕೆ ಪ್ರಾಯಶ್ಚಿತ್ತವೋ ಏನೋ, ಭಾನುವಾರ ಯಾರನ್ನೂ ಮಲಗಲು ಬಿಡುತ್ತಿರಲಿಲ್ಲ. ಹಾಗೆ ಒಮ್ಮೆ ನನ್ನನ್ನು ಎಬ್ಬಿಸಿ, ಕೋಟೆ ತೋರಿಸುತ್ತೇನೆಂದು ಅವರ ಪರಿಚಯದ ಡೆಕ್ಲನ್ ಎಂಬ ರೈತನ ಹೊಲಕ್ಕೆ ಕರೆದೊಯ್ದರು. ಹಸುಗಳ ನಡುವೆ ದಾರಿ ಮಾಡಿಕೊಂಡು ದಿಬ್ಬ ಹತ್ತಿದೆವು. ಚಿತ್ರದುರ್ಗದ ಕಲ್ಲಿನ ಕೋಟೆ ನೋಡಿ ಬೆಳೆದ ನಾನು ಏದುಸಿರು ಬಿಡುತ್ತಲೇ ಕೇಳಿದೆ: "ಕೋಟೆ ಎಲ್ಲಿ ಅಕ್ಕಾ?"

"ಅದರ ನೆತ್ತಿ ಮ್ಯಾಲೇ ನಿಂತೀಯಲ್ಲೋ!"

ನೂರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದ ನಾರ್ಮನ್ನರು ನೆಲ ಹಿಡಿದಲ್ಲೆಲ್ಲ ಅವಸರವಾಗಿ ಮಣ್ಣು ಗುಡ್ಡೆ ಹಾಕಿ, ಮೇಲೊಂದು ಮರದ ಗೋಪುರ ನಿಲ್ಲಿಸುತ್ತಿದ್ದರಂತೆ. ಮರ ಕೊಳೆಯಿತು, ಆಳಿದವರು ಹೋದರು, ಕಂದಕ ಅರ್ಧ ಹೂತುಹೋಯಿತು. ಅವಸರದ ಮಣ್ಣು ಮಾತ್ರ ಹುಲ್ಲು ಹೊದ್ದು ಕೂತಿದೆ.

ಆಮೇಲೆ ಅಲ್ಲಿಗೆ ಹೋಗುವುದು ರೂಢಿಯಾಯಿತು. ಒಂದು ಸಲ ಹೋದಾಗ ದಿಬ್ಬದ ಬುಡದಲ್ಲಿ ಜೆಸಿಬಿ ನಿಂತಿತ್ತು. ಡೆಕ್ಲನ್ ಬೇಲಿಗೆ ಒರಗಿದ್ದ. ದಿಬ್ಬಕ್ಕೂ ಎದುರಿನ ಕಲ್ಲುಗೋಡೆಗೂ ನಡುವೆ ಕೊಟ್ಟಿಗೆಯ ದಾರಿ ಇಕ್ಕಟ್ಟಾಗಿ, ಚಳಿಗಾಲದ ಕೆಸರಿನಲ್ಲಿ ಹಸುವೊಂದು ಜಾರಿ ಕಾಲು ಮುರಿದುಕೊಂಡಿತ್ತು. ಅದನ್ನು ಕೊಲ್ಲಿಸಬೇಕಾಯಿತಂತೆ.

"ಈ ಮಗ್ಗುಲು ಸ್ವಲ್ಪ ಕೊರೀತೀನಿ ಅಷ್ಟೇ. ಮಿಕ್ಕಿದ್ದು ಗ್ರ್ಯಾಂಡ್ ಆಗಿರುತ್ತೆ, ಏನೂ ಆಗಲ್ಲ," ಎಂದ.

ನಾನು ಕನ್ನಡದಲ್ಲಿ ಪಿಸುಗುಟ್ಟಿದೆ: "ಇದನ್ನ ಮುಟ್ಟಬಾರದು ಅಂತ ಕಾನೂನಿದೆ. ಕಂಪ್ಲೇಂಟ್ ಕೊಡೋಣಕ್ಕಾ."

"ಕೊಡೂಣಂತ. ಮೊದಲ ಮಾತಾಡ್ತೀನಿ, ತಡಿ."

ಅವರು ಡೆಕ್ಲನ್‌ಗೆ ಇಂಗ್ಲಿಷಿನಲ್ಲಿ, ಬಳ್ಳಾರಿಯ ಧಾಟಿಯಲ್ಲಿ ಹೇಳತೊಡಗಿದರು. ಅವರೂರಲ್ಲಿ ಒಂದು ಬೂದಿದಿಬ್ಬ ಇತ್ತು. ಕಬ್ಬಿಣ ಕಾಣದ ಕಾಲದ ದನಗಾಹಿಗಳು ಸಗಣಿ ಸುಟ್ಟು ಸುಟ್ಟು ಬೆಳೆಸಿದ್ದು. ಅವರ ತಂದೆ ಅದನ್ನು ಗೊಬ್ಬರವೆಂದು ಎತ್ತಿನಗಾಡಿಯಲ್ಲಿ ತುಂಬಿ ಹೊಲಕ್ಕೆಲ್ಲ ಹರಡಿದರು.

"ಆ ವರ್ಷ ಜೋಳ ಚೆನ್ನಾಗಿ ಬಂತು. ಮಾರನೇ ವರ್ಷ ಎಂದಿನ ಹಾಗೇ. ವಯಸ್ಸಾದ ಮೇಲೆ ಅಪ್ಪ ಸಂಜೆ ಹೊತ್ತು ಬಾಗಿಲಲ್ಲಿ ಕೂತು ದಿಬ್ಬ ಇದ್ದ ಕಡೆಯೇ ನೋಡೋರು. ಏನು ನೋಡ್ತೀಯಪ್ಪ ಅಂದರೆ, ಕಣ್ಣು ನಿಲ್ಲೋಕೆ ಅಲ್ಲಿ ಏನೂ ಇಲ್ಲ ಅನ್ನೋರು."

ಡೆಕ್ಲನ್ ದಿಬ್ಬದ ಕಡೆಗೊಮ್ಮೆ, ಕೊಟ್ಟಿಗೆಯ ಕಡೆಗೊಮ್ಮೆ ನೋಡಿದ. "ಹಾಗಾದರೆ ನನ್ನ ಹಸುಗಳು?" ಎಂದ ಕೊನೆಗೆ.

"ಅವೂ ಬೀಳಬಾರದು, ನಿಜ," ಎಂದರು ಗಿರಿಜಕ್ಕ.

ಮುಂದಿನ ಸಲ ಹೋದಾಗ ಜೆಸಿಬಿ ಇರಲಿಲ್ಲ. ದಾರಿ ಅಗಲವಾಗಿತ್ತು. ದಿಬ್ಬ ಹಾಗೇ ಇತ್ತು. ಎದುರಿಗಿದ್ದ, ಡೆಕ್ಲನ್‌ನ ಅಜ್ಜ ಕೈಯಾರೆ ಕಟ್ಟಿದ ಕಲ್ಲುಗೋಡೆ ಇರಲಿಲ್ಲ.

ಗಿರಿಜಕ್ಕ ಈಗ ನ್ಯೂಜಿಲೆಂಡಿನಲ್ಲಿದ್ದಾರೆ. ನಾನು ಆ ದಿಬ್ಬದ ಕಡೆ ಹೋಗದೆ ವರ್ಷಗಳೇ ಆಗಿದ್ದವು. ನಿನ್ನೆ ಮಗಳನ್ನು ಕರೆದುಕೊಂಡು ಹೋದೆ. ಡೆಕ್ಲನ್‌ನ ತಲೆ ಪೂರ್ತಿ ಬೆಳ್ಳಗಾಗಿದೆ. ಗೇಟಿನವರೆಗೆ ಬಂದು, ಕೇಳದೆಯೇ ಮಗಳಿಗೆ ಕಥೆ ಶುರುಮಾಡಿದ.

"ಪಕ್ಕದ ಕೌಂಟಿಯಲ್ಲಿ ಒಬ್ಬ ಇಂಥದೇ ದಿಬ್ಬವನ್ನ ಕುದುರೆಗಾಡೀಲಿ ತುಂಬಿ ಹೊಲಕ್ಕೆ ಹರಡಿಬಿಟ್ಟ. ಬಂದದ್ದು ಒಂದೇ ಒಂದು ಒಳ್ಳೇ ಬಾರ್ಲಿ ಬೆಳೆ. ಆಮೇಲೆ ಸಾಯೋವರೆಗೂ ಬಾಗಿಲಲ್ಲಿ ಕೂತು ಅದನ್ನೇ ಹುಡುಕ್ತಿದ್ದ, ಪಾಪ."

ಗಿರಿಜಕ್ಕನ ತಂದೆಯ ಜೋಳ ಬಾರ್ಲಿಯಾಗಿತ್ತು, ಎತ್ತಿನಗಾಡಿ ಕುದುರೆಗಾಡಿಯಾಗಿತ್ತು. ತಿದ್ದಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮಗಳು ತನ್ನ ಐರಿಷ್ ಉಚ್ಚಾರದ ಇಂಗ್ಲಿಷಿನಲ್ಲಿ, ಆ ಮನುಷ್ಯನ ಊರು ಇಲ್ಲಿಂದ ದೂರವೇ ಎಂದು ನನ್ನನ್ನು ಕೇಳಿದಳು.

"ಏನಿಲ್ಲ, ಇಲ್ಲೇ ಹತ್ತಿರ," ಎಂದೆ.