ಮಾತು ಬಿಟ್ಟವರ ಫುಟ್ಬಾಲು

ಇವತ್ತು ಬೆಳಿಗ್ಗೆ ರೊಟ್ಟಿಗೆ ಹಿಟ್ಟು ನಾದುತ್ತಿದ್ದಾಗ ಪಕ್ಕದಲ್ಲಿಟ್ಟಿದ್ದ ಫೋನು ತನ್ನಷ್ಟಕ್ಕೆ ತಾನೇ ಬೆಳಗಿತು. ತವರಿನಿಂದ ಇರಬೇಕೆಂದು ಮೊಣಕೈಯಿಂದ ತಿರುಗಿಸಿ ನೋಡಿದರೆ ಕೊರಿಯಾ ದೇಶದ ಫುಟ್ಬಾಲು! ಹೊಸ ಹಂಗಾಮು ಶುರುವಾಗಿದೆ, ನೋಡುತ್ತೀರಾ ಎಂದು ಕೇಳುತ್ತಿತ್ತು. ಫೋನಿಗೆ ಒಮ್ಮೆ ನಮ್ಮ ಚಟ ಗೊತ್ತಾದರೆ ಮುಗಿಯಿತು ನೋಡಿ, ನಾವು ಮರೆತರೂ ಅದು ಮರೆಯುವುದಿಲ್ಲ. ಸಗರದಂಥ ಊರಿನಲ್ಲಿ ಕೈತುಂಬ ಜೋಳದ ಹಿಟ್ಟು ಮೆತ್ತಿಕೊಂಡ ಹೆಂಗಸಿಗೂ ಕೊರಿಯಾದ ಫುಟ್ಬಾಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೇಳದಿದ್ದರೂ ಹೇಳುವವಳೇ ನಾನು.

ಅದು ಕೊರೊನಾ ಬಂದ ವರ್ಷ. ನಾನು ಮದುವೆಯಾಗಿ ಸುರಪುರದಿಂದ ಸಗರಕ್ಕೆ ಬಂದು ಎರಡು ತಿಂಗಳೂ ಆಗಿರಲಿಲ್ಲ, ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ದೋರನಹಳ್ಳಿಯ ಶಾಲೆಯಲ್ಲಿ ನಾನು ಅತಿಥಿ ಶಿಕ್ಷಕಿ, ಶಾಲೆ ಬಂದಾಯಿತು. ನಮ್ಮವರು ಬಸ್ ಕಂಡಕ್ಟರು, ಬಸ್ಸೂ ಬಂದಾಯಿತು. ಅತ್ತೆ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಮನೆಯಲ್ಲಿ ನಾವಿಬ್ಬರು ಮತ್ತು ಮಾವ ಭೀಮರಾಯ. ಸೆರಗು ತಲೆಯ ಮೇಲಿಂದ ಜಾರದಂತೆ ನೋಡಿಕೊಳ್ಳುವುದೊಂದೇ ನನ್ನ ಉದ್ಯೋಗವಾಗಿತ್ತು.

ಮನೆಯ ಇನ್ನೊಂದು ಅರ್ಧದಲ್ಲಿ ಮಾವನ ಅಣ್ಣ ಸಾಯಬಣ್ಣನವರು, ನಮ್ಮ ದೊಡ್ಡ ಮಾವ. ನಡುವೆ ಒಂದು ಗೋಡೆ, ಮುಂದೆ ಒಂದೇ ಅಂಗಳ. ಮದುವೆಯ ಮರುದಿನವೇ ನಮ್ಮವರು ನನಗೆ ಮನೆಯ ಕಾಯಿದೆ ತಿಳಿಸಿದ್ದರು: ಅಣ್ಣತಮ್ಮಂದಿರು ಏಳು ವರ್ಷದಿಂದ ಮಾತು ಬಿಟ್ಟಿದ್ದಾರೆ. ಮಾತು ಬಿಟ್ಟಿದ್ದಾರೆ ಎಂದರೆ ಸಂಬಂಧ ಬಿಟ್ಟಿದ್ದಾರೆಂದು ತಿಳಿಯಬೇಡಿ. ಹಬ್ಬದ ಹೋಳಿಗೆ ಆ ಕಡೆಯಿಂದ ಈ ಕಡೆ ಬರುತ್ತಿತ್ತು, ಈ ಕಡೆಯ ಶೇಂಗಾ ಆ ಕಡೆ ಹೋಗುತ್ತಿತ್ತು. ನಡುವೆ ಯಾರಾದರೊಬ್ಬರು ನಿಂತು “ಅವನಿಗಿ ಹೇಳು” ಎಂಬುದನ್ನು ದಾಟಿಸಬೇಕು, ಅಷ್ಟೇ. ಆ ನೌಕರಿ ಹೊಸದಾಗಿ ಬಂದ ನನಗೆ ಸಿಕ್ಕಿತು.

ಕಾರಣ ಕಾಲುವೆ. ಕಾಲುವೆ ಬರುವ ಮೊದಲು ಹೊಲಗಳಿಗೆ ಮೇಲು ಕೆಳಗು ಎಂಬುದಿರಲಿಲ್ಲ, ಎಲ್ಲವೂ ಮಳೆ ನೋಡುವ ಹೊಲಗಳೇ. ಪಾಲಾಗುವಾಗ ಮಾವ ತಾವಾಗಿಯೇ ಕೇಳಿ ತಗ್ಗಿನ ಹೊಲ ತೆಗೆದುಕೊಂಡರಂತೆ, ಮಣ್ಣು ಕಪ್ಪಗಿದೆ ಎಂದು. ಮುಂದೆ ಕಾಲುವೆ ಬಂತು, ನೀರು ದೊಡ್ಡ ಮಾವನ ಹೊಲದ ಕಡೆಯಿಂದ ಇಳಿಯಿತು, ಮಾವ ಒಂದೇ ದಿನದಲ್ಲಿ ಟೇಲೆಂಡಿನ ರೈತರಾದರು. ನಮ್ಮಲ್ಲಿ ಕೊನೆಯ ಹೊಲದವರನ್ನು ಹಾಗೇ ಕರೆಯುವುದು. ಕಾಲುವೆಗೆ ಚಾಲೂ ಬಂದ್ ಪದ್ಧತಿ: ಇಷ್ಟು ದಿನ ನೀರು ಬಿಡುತ್ತಾರೆ, ಇಷ್ಟು ದಿನ ನಿಲ್ಲಿಸುತ್ತಾರೆ. ಬಿಟ್ಟ ದಿನಗಳಲ್ಲಿ ಮೇಲಿನವರು ಭತ್ತಕ್ಕೆ ನಿಲ್ಲಿಸಿಕೊಂಡರೆ ಕೆಳಗಿನವರ ಮೆಣಸಿನಕಾಯಿಗೆ ಬರುವುದು ಬರೀ ಒದ್ದೆ ಮಣ್ಣು. ಒಂದು ವರ್ಷ ಮಾವ ಸಿಟ್ಟಿನಲ್ಲಿ ಹೋಗಿ ಅಣ್ಣನ ಒಡ್ಡು ಒಡೆದರು. ಅಣ್ಣ ಎಲ್ಲರ ಎದುರಿಗೆ ಕಳ್ಳ ಎಂದರು. ಆಮೇಲೆ ಇಬ್ಬರೂ ಏನೂ ಅನ್ನಲಿಲ್ಲ.

ಇನ್ನು ಫುಟ್ಬಾಲಿಗೆ ಬರುತ್ತೇನೆ. ನಾನು ಸುರಪುರದ ಕಾಲೇಜಿನಲ್ಲಿ ವಾಲಿಬಾಲ್ ಆಡಿದವಳು. ಒಂದು ಮಧ್ಯಾಹ್ನ ಬೇಸರ ತಡೆಯದೆ ಫೋನಿನಲ್ಲಿ ವಾಲಿಬಾಲ್ ಹುಡುಕಿದರೆ ಬರೀ ಹಳೆಯವೇ. ಜಗತ್ತಿನ ಮೈದಾನಗಳಿಗೆಲ್ಲ ಬೀಗ. ಕೊರಿಯಾ ಒಂದರಲ್ಲಿ ಮಾತ್ರ ಆಟ ನಡೆದಿತ್ತು, ಅದೂ ಆ ಕ್ಷಣದ್ದು. ವಾಲಿಬಾಲೋ ಫುಟ್ಬಾಲೋ, ಚೆಂಡಾದರೆ ಸಾಕೆಂದು ಹಚ್ಚಿದೆ. ಪಡಸಾಲೆಯಲ್ಲಿ ಅಡ್ಡಾಗಿದ್ದ ಮಾವ ಎದ್ದು ಕುಳಿತು, ಅದೇನವಾ ಎಂದರು. ಜೋಳ ಅಳೆಯುವ ಸೇರನ್ನು ಬೋರಲು ಹಾಕಿ ಅದಕ್ಕೆ ಫೋನು ಆನಿಸಿಟ್ಟು, ನಾನು ಸೆರಗು ಸರಿಮಾಡಿಕೊಂಡು ಹೊಸ್ತಿಲಲ್ಲಿ ಕುಳಿತೆ. ಅಲ್ಲಿಂದ ಆಟಗಾರರು ಇರುವೆಗಳಷ್ಟು ಕಾಣುತ್ತಿದ್ದರು.

ತಂಡಗಳ ಹೆಸರು ನಮ್ಮ ನಾಲಿಗೆಗೆ ಹೊರಳಲಿಲ್ಲ. ಅಂಗಿಯ ಮೇಲೆ ಹೆಸರಿಟ್ಟೆವು. ನೀಲಿ ಕಪ್ಪು ಪಟ್ಟೆಯ ಅಂಗಿಯವರು ಮಾವನಿಗೆ ಹಿಡಿಸಿದರು. ಕೆಸರಿನಲ್ಲಿ ಬಿದ್ದರೂ ಮುಖ ಸಿಂಡರಿಸದೆ ಏಳುತ್ತಾರೆ ಎಂದು. ಅವರು ಅವತ್ತು ಸೋತರು. ಮಾವ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟರು. ನನಗೂ ಅದು ಸಹಜವೆನಿಸಿತು. ನಮ್ಮ ಕಡೆ ಕಬಡ್ಡಿಯಾಗಲಿ ವಾಲಿಬಾಲಾಗಲಿ, ಸೋತವರು ಅವತ್ತೇ ಚೀಲ ಎತ್ತಿಕೊಂಡು ಬಸ್ಸು ಹತ್ತುವುದು. ಸೋತವರಿಗೆ ಮುಂದಿನ ವಾರವೆಂಬುದು ಇರುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ.

ಮುಂದಿನ ವಾರ ಅದೇ ಪಟ್ಟೆಯವರು ಮತ್ತೆ ಮೈದಾನಕ್ಕಿಳಿದಾಗ ಮಾವ ಕಣ್ಣು ಕಿರಿದು ಮಾಡಿ ನೋಡಿದರು.

“ಇವ್ರು ಸೋತಿದ್ರಲ್ಲವಾ? ಯಾರದೋ ವಶೀಲಿ ಹಚ್ಚಿ ಬಂದಾರ.”

ನಾನೂ ಹೌದೆಂದೆ. ಕಾಲೇಜಿನಲ್ಲಿ ವಾಲಿಬಾಲ್ ಕಪ್ ಗೆದ್ದ ನನಗೇ ತಿಳಿಯದಿದ್ದ ಮೇಲೆ ಮಾವನದೇನು ತಪ್ಪು! ಅವತ್ತೂ ಸೋತರು. ಮೂರನೆಯ ವಾರ ಮತ್ತೆ ಬಂದರು. ಇಂಥ ಗಟ್ಟಿ ವಶೀಲಿ ತಾಲೂಕು ಕಚೇರಿಯಿರುವ ಶಹಾಪುರದಲ್ಲೂ ಯಾರಿಗೂ ಇಲ್ಲ ಎಂದು ಮಾವ ಮೆಚ್ಚಿಕೊಂಡರು. ಆಮೇಲೆ ನಾನು ಕೂತು ಓದಿ ತಿಳಿದುಕೊಂಡೆ: ಅಲ್ಲಿ ಎಲ್ಲರೂ ಎಲ್ಲರ ಜೊತೆ ಆಡುತ್ತಾರೆ, ಗೆದ್ದಷ್ಟು ಅಂಕ ಕೂಡಿಸುತ್ತಾರೆ, ಎಲ್ಲ ಮುಗಿದ ಮೇಲೆ ಮೇಲಿದ್ದವರಿಗೆ ಕಪ್, ತೀರ ಕೆಳಗಿದ್ದವರು ಕೆಳಗಿನ ದರ್ಜೆಗೆ ಇಳಿಯುತ್ತಾರೆ. ಬಾಗಿಲ ಹಿಂಭಾಗದಲ್ಲಿ ಸೀಮೆಸುಣ್ಣದಿಂದ ಹನ್ನೆರಡು ತಂಡಗಳ ಪಟ್ಟಿ ಬರೆದೆ. ಮಾವ ಅದನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದರು. ಪಟ್ಟೆಯವರು ತಳದಲ್ಲಿದ್ದರು. “ನಮ್ಮಂಗ ಟೇಲೆಂಡು” ಎಂದು ಅಂದಿನಿಂದ ಅವರನ್ನು ಕೈಬಿಡಲಿಲ್ಲ. ಮಳೆಗಾಲ ಮುಗಿಯುತ್ತ ಬಂದರೂ ಅವರು ಗೆದ್ದದ್ದು ಬೆರಳೆಣಿಕೆ. ಮಾವನ ಊಟ ಕಡಿಮೆಯಾಯಿತು.

ದೊಡ್ಡ ಮಾವ ಬಂದದ್ದು ಗದ್ದಲ ಕೇಳಿ. ಕೊರಿಯಾದಲ್ಲೂ ಮೈದಾನಕ್ಕೆ ಜನರನ್ನು ಬಿಟ್ಟಿರಲಿಲ್ಲ, ಖಾಲಿ ಕುರ್ಚಿಗಳ ನಡುವೆ ಮೊದಲೇ ಧ್ವನಿಮುದ್ರಿಸಿಕೊಂಡ ಜನರ ಕೂಗು ಹಾಕುತ್ತಿದ್ದರು. ಆ ಕೂಗು ಗೋಡೆಯಾಚೆ ಹೋಗಿ, ತಮ್ಮನ ಮನೆಗೆ ಇಷ್ಟು ಮಂದಿ ಯಾಕೆ ಬಂದರೆಂದು ನೋಡಲು ಅವರು ಅಂಗಳಕ್ಕೆ ಬಂದರು. ನಾನು ಚಾಪೆ ಹಾಸಿದೆ. ಕುಳಿತರು. ಅವರಿಗೆ ಹಿಡಿಸಿದ್ದು ಹಸಿರು ಅಂಗಿಯವರು, ಪಟ್ಟಿಯ ತಲೆಯಲ್ಲಿದ್ದವರು. ಹೊಲದಲ್ಲೂ ಮೇಲೆ, ಪಟ್ಟಿಯಲ್ಲೂ ಮೇಲೆ, ಎಂದು ಮಾವ ಗೋಡೆಗೆ ಹೇಳಿದರು.

ಆಮೇಲೆ ಪ್ರತಿ ಶನಿವಾರ, ಭಾನುವಾರ ಇದೇ. ಅವರಿಗೂ ನಮಗೂ ಮೂರೂವರೆ ತಾಸಿನ ಅಂತರ. ಅವರು ಸಂಜೆ ಆಡಿದರೆ ನಮಗೆ ಊಟದ ಹೊತ್ತು. ಇಬ್ಬರೂ ಒಂದೇ ಫೋನಿನ ಮುಂದೆ, ನಡುವೆ ಎರಡು ಮೊಳ ಜಾಗ ಬಿಟ್ಟು ಕೂರುತ್ತಿದ್ದರು. ಒಬ್ಬರು ಆಡಿದ್ದು ಇನ್ನೊಬ್ಬರಿಗೆ ಕೇಳದೆ ಇರುತ್ತದೆಯೇ? ಆದರೂ ಕಾಯಿದೆ ಕಾಯಿದೆಯೇ. “ಅವನಿಗಿ ಹೇಳು, ಹಸಿರಿನವ್ರು ಬರೇ ಬೀಳೂ ನಾಟಕ ಮಾಡ್ತಾರ” ಎಂದು ಮಾವ ಅಂದರೆ ನಾನು ದೊಡ್ಡ ಮಾವನತ್ತ ತಿರುಗಿ, ನಿಮ್ಮವರಿಗೆ ಪೆಟ್ಟಾಯಿತೇನೋ ಎಂದು ಮಾವ ಕೇಳುತ್ತಿದ್ದಾರೆ ಎನ್ನುತ್ತಿದ್ದೆ. ದೊಡ್ಡ ಮಾವ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ನನ್ನ ಜಾಣತನಕ್ಕೆ ನಾನೇ ಹಿಗ್ಗುತ್ತಿದ್ದೆ. ಎರಡು ಮೊಳದ ದೂರದಲ್ಲಿ ಕೂತ ಮನುಷ್ಯನಿಗೆ ಸುಳ್ಳು ಹೇಳಿ ನಂಬಿಸಿದೆನೆಂದುಕೊಂಡ ನನ್ನನ್ನು ನೀವೇ ಏನಾದರೂ ಅನ್ನಿ.

ಆ ತಂಡಗಳಲ್ಲಿ ಒಂದು ಸಿಪಾಯಿಗಳದ್ದಿತ್ತು. ಸೈನ್ಯದ ಸೇವೆಗೆ ಬಂದ ಆಟಗಾರರು ಅಲ್ಲಿ ಆಡಿ, ಅವಧಿ ಮುಗಿದ ಕೂಡಲೇ ಹಂಗಾಮಿನ ನಡುವೆಯೇ ತಮ್ಮ ತಮ್ಮ ತಂಡಕ್ಕೆ ಮರಳುತ್ತಿದ್ದರು. ಇದು ನನ್ನ ತಲೆಗೆ ಹೋಗಲಿಲ್ಲ. ಅಷ್ಟೂ ದಿನ ಫುಟ್ಬಾಲಿನತ್ತ ತಿರುಗಿಯೂ ನೋಡದ ನಮ್ಮವರು, ಡೆಪ್ಯುಟೇಶನ್ ಮುಗಿದು ಸ್ವಂತ ಡಿಪೋಕ್ಕೆ ಹೋದರು, ಅದರಲ್ಲೇನಿದೆ ಎಂದು ಒಂದೇ ಮಾತಿನಲ್ಲಿ ಬಿಡಿಸಿ ಸ್ನಾನಕ್ಕೆ ನಡೆದರು.

ಅಕ್ಟೋಬರಿನ ಹೊತ್ತಿಗೆ ಕೊರಿಯಾದವರು ಇನ್ನೊಂದು ವಿಚಿತ್ರ ಮಾಡಿದರು. ಹನ್ನೆರಡು ತಂಡಗಳನ್ನು ಮೇಲಿನ ಆರು, ಕೆಳಗಿನ ಆರು ಎಂದು ಒಡೆದರು. ಉಳಿದ ಆಟಗಳಲ್ಲಿ ಮೇಲಿನವರು ಮೇಲಿನವರ ಜೊತೆ, ಕೆಳಗಿನವರು ಕೆಳಗಿನವರ ಜೊತೆ. ನಾನು ಬಾಗಿಲ ಮೇಲೆ ನಡುವೆ ಒಂದು ಗೆರೆ ಎಳೆದು ವಿವರಿಸಿದೆ. ದೊಡ್ಡ ಮಾವ ಬಹಳ ಹೊತ್ತು ಆ ಗೆರೆಯನ್ನೇ ನೋಡಿದರು.

“ಅಂದ್ರ ಮ್ಯಾಲಿನವ್ರು ಇನ್ನ ಕೆಳಗಿನವ್ರದ್ದು ಕಸಗೊಳ್ಳಾಕ ಬರೂದಿಲ್ಲೇನವಾ?”

ಬರುವುದಿಲ್ಲ ಎಂದೆ.

“ಅವನಿಗಿ ಹೇಳು,” ಎಂದರು ಮಾವ, ಧ್ವನಿ ಗಡುಸಾಗಿತ್ತು. “ಕೊರಿಯಾದಾಗರ ನ್ಯಾಯ ಐತಿ ಅಂತ ಹೇಳು.”

ಏಳು ವರ್ಷ ತಡೆದಿಟ್ಟ ಸಿಟ್ಟಿನ ಒಡ್ಡು ಈಗ ಒಡೆದರೆ ಇಬ್ಬರೂ ಮತ್ತೆ ಈ ಚಾಪೆಯ ಮೇಲೆ ಕೂರುವುದಿಲ್ಲ. ನಾನು ದೊಡ್ಡ ಮಾವನತ್ತ ತಿರುಗಿದೆ.

“ಚಹಾ ಕುಡೀತೀರೇನು ಅಂತ ಮಾವಾರು ಕೇಳಾಕತ್ಯಾರ್ರಿ.”

ದೊಡ್ಡ ಮಾವ ನನ್ನ ಮುಖ ನೋಡಿದರು. “ಕುಡೀತೀನಂತ ಹೇಳು” ಎಂದರು. ಚಹಾ ಕುಡಿದು, ಬಟ್ಟಲು ಇಟ್ಟು, ಎದ್ದು ಹೋದರು.

ಪಟ್ಟೆಯವರ ಕೊನೆಯ ಆಟ ಒಂದು ಶನಿವಾರ. ಗೆದ್ದರೆ ಉಳಿಯುತ್ತಾರೆ, ಇಲ್ಲವಾದರೆ ಇಳಿಯುತ್ತಾರೆ. ಅದೇ ದಿನ ಕಾಲುವೆಯ ಚಾಲೂ ಅವಧಿಗೂ ಕೊನೆಯ ದಿನ. ಮಳೆ ಹೋಗಿ ಮೂರು ವಾರವಾಗಿತ್ತು, ಮೆಣಸಿನ ಗಿಡ ಕಾಯಿ ಹಿಡಿದು ಬಾಡಿ ನಿಂತಿತ್ತು, ಕೆಳಗೆ ಒಂದು ಹನಿಯೂ ಇಳಿದಿರಲಿಲ್ಲ. ಬೆಳಿಗ್ಗೆ ಮಾವ ಹೊಲಕ್ಕೆ ಹೋಗಿ ನೋಡಿದರು. ಬಂದು ಫೋನಿನ ಮುಂದೆ ಕುಳಿತರು. ಚಾಪೆಯ ಆ ತುದಿ ಖಾಲಿ ಇತ್ತು.

ಆಟ ಶುರುವಾಯಿತು. ಮಾವ ಚೆಂಡಿಗಿಂತ ಹೆಚ್ಚು ಬಾಗಿಲು ನೋಡಿದರು. ಪಟ್ಟೆಯವರು ಗೋಲು ಹೊಡೆದಾಗಲೂ ಕೈ ತಟ್ಟಲಿಲ್ಲ. ಅರ್ಧ ಆಟ ಮುಗಿದಾಗ ನನ್ನನ್ನು ಕೇಳಿದರು, “ಅಂವ ಯಾಕ ಬಂದಿಲ್ಲ?” ಏಳು ವರ್ಷದಲ್ಲಿ ಅಣ್ಣನ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ ಅದೆಂದು ಆಮೇಲೆ ನಮ್ಮವರು ಹೇಳಿದರು. ಚಹಾದ ಆಟ ಹೂಡಿ ನಾನೇ ಕೆಡಿಸಿದೆನೇನೋ ಎಂದು, ಗೋಡೆಯಾಚೆ ಕೇಳಲೆಂದು ಫೋನಿನ ಸದ್ದು ಏರಿಸಿದೆ. ಕಡೆಯ ಸೀಟಿ ಊದಿದಾಗ ಪಟ್ಟೆಯವರು ಒಬ್ಬರ ಮೇಲೊಬ್ಬರು ಬಿದ್ದು ಅಳುತ್ತಿದ್ದರು. ಉಳಿದುಕೊಂಡಿದ್ದರು. ಮಾವ ಎದ್ದು ಹೊಲದ ದಾರಿ ಹಿಡಿದರು. ಚಪ್ಪಲಿ ಮರೆತಿದ್ದರು. ಅವನ್ನು ಹಿಡಿದುಕೊಂಡು ನಾನು ಹಿಂದೆ ಓಡಿದೆ, ಸೆರಗು ಎಲ್ಲಿ ಹೋಯಿತೋ.

ದಾರಿಯಲ್ಲೇ ನೀರಿನ ಸದ್ದು ಕೇಳಿತು. ನಮ್ಮ ಕಡೆಯ ಕಿರುಗಾಲುವೆಯಲ್ಲಿ ನೀರು ಹರಿಯುತ್ತಿತ್ತು, ಅಂಚು ಮುಟ್ಟಿ. ಮೇಲೆ ದೊಡ್ಡ ಮಾವ ತಮ್ಮ ತೂಬಿನ ಬಾಯಿಗೆ ಮಣ್ಣು ತುಂಬಿದ ಚೀಲಗಳನ್ನು ಒಟ್ಟಿ, ಅದರ ಮೇಲೆ ಕಾಲು ಚಾಚಿ ಕುಳಿತಿದ್ದರು. ಮೊಣಕಾಲವರೆಗೆ ಕೆಸರು. ತಮ್ಮದು ಮಾತ್ರವಲ್ಲ, ಬೆಳಿಗ್ಗೆ ಮಾವ ನೋಡಿ ಹೋದಾಗಿನಿಂದ ಆಚೀಚೆಯ ನಾಲ್ಕು ಹೊಲದವರನ್ನೂ ಬೈದು, ಬೇಡಿಕೊಂಡು ತೂಬು ಮುಚ್ಚಿಸಿದ್ದರು. ಅವರ ಭತ್ತದ ಮಡಿಯಲ್ಲಿ ನೀರು ಆಗಲೇ ಇಳಿಯತೊಡಗಿತ್ತು.

ಅವರು ತಲೆ ಎತ್ತಿದರು. “ಗೆದ್ರೇನು?”

ರೂಢಿಯಂತೆ ನಾನು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದಿಂದ ಮಾವನ ಧ್ವನಿ ಬಂತು.

“ಉಳದ್ರಪಾ, ಅಣ್ಣಾ.”

“ಹಂಗಾರ ನಿಂತು ಏನ ನೋಡ್ತಿ? ಹೋಗಿ ನೀರ ತಿರುವ್ಕೋ. ಸಂಜಿಗಿ ಬಂದ್ ಮಾಡ್ತಾರ.”

ಮಾವ ಹೋದರು. ನಾನು ಒಂದೊಂದು ಕೈಯಲ್ಲಿ ಒಂದೊಂದು ಚಪ್ಪಲಿ ಹಿಡಿದು ಒಡ್ಡಿನ ಮೇಲೆ ನಿಂತು ಅತ್ತೆ. ಸಂತೋಷಕ್ಕೇ ಅತ್ತೆ, ಮುಚ್ಚಿಡುವುದೇನು. ದೊಡ್ಡ ಮಾವ ನನ್ನನ್ನು ನೋಡಿ, ನೀನು ದಾಟಿಸಿದ್ದರಲ್ಲಿ ಒಂದಾದರೂ ಖರೇ ಇತ್ತೇನವಾ ಎಂದು ಕೇಳಿ ನಕ್ಕರು.

ಮರುದಿನ ಹಸಿರು ಅಂಗಿಯವರು ಕಪ್ ಎತ್ತಿದರು, ಮಾವ ಹೊಟ್ಟೆಕಿಚ್ಚು ಪಡುತ್ತಲೇ ನೋಡಿದರು. ಆಮೇಲೆ ಕಾಲುವೆಯ ನೀರು ತಾನಾಗಿ ನ್ಯಾಯದ ದಾರಿ ಹಿಡಿಯಿತೆಂದು ನೀವು ತಿಳಿದರೆ ನಮ್ಮ ಸೀಮೆ ನಿಮಗೆ ಗೊತ್ತಿಲ್ಲ. ದೊಡ್ಡ ಮಾವ ಈಗಲೂ ಭತ್ತ ಹಚ್ಚುತ್ತಾರೆ, ಮಾವ ಈಗಲೂ ಕೂಗಾಡುತ್ತಾರೆ. ಕೂಗಾಡುವುದು ನೇರವಾಗಿ ಅಣ್ಣನ ಮುಂದೆ ನಿಂತು, ಅಷ್ಟೇ ವ್ಯತ್ಯಾಸ. ಕೂಗಿದ ಮೇಲೆ ಒಂದೆರಡು ದಿನ ನೀರು ಇಳಿಯುತ್ತದೆ. ನನ್ನ ನೌಕರಿ ಹೋಗಿ ವರ್ಷಗಳಾದವು. ನಿಜ ಹೇಳಬೇಕೆಂದರೆ ಸ್ವಲ್ಪ ಬೇಸರವೂ ಇದೆ. ಆ ಒಂದು ಹಂಗಾಮಿನಲ್ಲಿ ಈ ಮನೆಗೆ ನನ್ನಷ್ಟು ಬೇಕಾದವರು ಇನ್ನಾರೂ ಇರಲಿಲ್ಲ.

ಹೊಸ ಹಂಗಾಮು ಶುರುವಾಗಿದೆಯಂತೆ ಎಂದು ಇವತ್ತು ಅಂಗಳಕ್ಕೆ ಕೇಳುವಂತೆ ಹೇಳಿದ್ದೇ ತಪ್ಪಾಯಿತು. ಪಟ್ಟೆಯವರು ಈ ಸಲ ಇಳಿಯುವುದು ಖಂಡಿತ ಎಂದು ಒಬ್ಬರು, ಹಸಿರಿನವರ ಕಾಲ ಮುಗಿಯಿತು ಎಂದು ಇನ್ನೊಬ್ಬರು. ಜಗಳ ಏರಿತು. ಕೊನೆಗೆ ಮಾವ ಒಳಗೆ ಮುಖ ಮಾಡಿ, ಇವನಿಗಿ ತಿಳಿಸಿ ಹೇಳವಾ ಎಂದು ಕೂಗಿದರು. ಬಾಯಿ ತೆರೆದವಳು ಮುಚ್ಚಿದೆ, ಮತ್ತೆ ತೆರೆದೆ.

“ಬಾಜೂಕ ಕುಂತಾರಲ್ರಿ ಮಾವಾರ,” ಎಂದೆ. “ನೀವೇ ಹೇಳ್ರಿ.”