ಕನ್ನಡದಲ್ಲಿ ಕೇಳಿದರೆ ಮಾತ್ರ ಮರಿ

ಸೂರತ್ತಿನ ಉಧ್ನಾದಲ್ಲಿ ನಾವಿದ್ದ ಹೌಸಿಂಗ್ ಸೊಸೈಟಿಯ ಮೆಟ್ಟಿಲ ಕೆಳಗೆ ಬೀದಿನಾಯಿಯೊಂದು ಮರಿ ಹಾಕಿತು. ಕಟ್ಟಡದ ಹೆಂಗಸರೆಲ್ಲ ಮನೆಗಿಷ್ಟು ಎಂದು ಗೋಧಿಹಿಟ್ಟು, ಬೆಲ್ಲ, ತುಪ್ಪ ಕೂಡಿಸಿ ಆ ಬಾಣಂತಿ ನಾಯಿಗೆ ಬಿಸಿ ಶೀರಾ ಮಾಡಿ ಹಾಕಿದರು. ಅಲ್ಲಿಯ ಪದ್ಧತಿ ಅದು. ನಮ್ಮ ಮನೆಗೂ ಹಿಟ್ಟು ಕೇಳಲು ಬಂದರು. ನನ್ನ ಬಾಣಂತನದಲ್ಲಿ ಇಷ್ಟು ತುಪ್ಪವನ್ನು ಯಾರೂ ಸುರಿದಿರಲಿಲ್ಲ ಎಂದು ಮನಸ್ಸಿನಲ್ಲೇ ಗೊಣಗಿಕೊಂಡು ಒಂದು ಲೋಟ ಹಿಟ್ಟು ಕೊಟ್ಟು ಕಳಿಸಿದೆ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ನನ್ನ ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ. ವರ್ಗವಾಗಿ ತುಮಕೂರಿನಿಂದ ಬಂದು ಐದು ವರ್ಷವಾಗಿತ್ತು. ಮಗಳಿಗೆ ಎಂಟು. ಶಾಲೆಯಲ್ಲಿ ಇಂಗ್ಲಿಷು, ಓಣಿಯಲ್ಲಿ ಗುಜರಾತಿ, ಟೀವಿ ಮುಂದೆ ಹಿಂದಿ. ಕನ್ನಡದಲ್ಲಿ ಏನು ಕೇಳಿದರೂ ಹೂಂ, ಊಹೂಂ ಅಷ್ಟೇ. ಹಿಂದಿನ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ನನ್ನ ಅತ್ತೆ ಒಂದು ಮದುವೆಮನೆಯಲ್ಲಿ, ನಾಲ್ಕು ಜನರ ಮುಂದೆ, "ಇದ್ಯಾವ ದೇಶದ ಕೂಸಮ್ಮ, ಅಜ್ಜೀ ಅನ್ನೋಕೂ ನಾಲಿಗೆ ಹೊರಳಲ್ವಲ್ಲ" ಎಂದಿದ್ದರು. ಅಂದು ನನ್ನ ಮಾನ ಹರಾಜಾಯಿತು. ಈ ಸಲ ದೀಪಾವಳಿ ಕಳೆದ ಮೇಲೆ ಅವರೇ ಸೂರತ್ತಿಗೆ ಬರುವವರಿದ್ದರು. ಅಷ್ಟರಲ್ಲಿ ಮಗಳ ಬಾಯಲ್ಲಿ ಕನ್ನಡ ಬರಿಸಿಯೇ ತೀರುತ್ತೇನೆ ಎಂದು ಹಟ ತೊಟ್ಟಿದ್ದೆ. ಬೈದದ್ದಾಯಿತು, ಚಾಕಲೇಟು ತೋರಿಸಿದ್ದಾಯಿತು, ಯಾವುದೂ ನಡೆಯಲಿಲ್ಲ.

ಅಂಥ ಹೊತ್ತಿಗೆ ಮಗಳು ಮರಿ ಬೇಕು ಎಂದು ಅನ್ನ ಬಿಟ್ಟು ಕೂತಳು. ನಾಯಿ ಎಂದರೆ ನನಗೆ ಹೇಸಿಗೆ. ಆದರೂ ಒಪ್ಪಿದೆ. ಒಂದೇ ಕರಾರು ಹಾಕಿದೆ: ಮರಿಯ ಹತ್ತಿರ ಕನ್ನಡದಲ್ಲೇ ಮಾತಾಡಬೇಕು. ಮುಟ್ಟಬೇಕಾದರೂ ನನ್ನನ್ನು ಕನ್ನಡದಲ್ಲೇ ಕೇಳಬೇಕು. ಅವಳು ಜೋರಾಗಿ ತಲೆಯಾಡಿಸಿದಳು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಕಂದು ಬಣ್ಣದ ಗಂಡುಮರಿ, ಒಂದೂವರೆ ತಿಂಗಳದ್ದು. ಹಿಂದಿನ ಬಾಲ್ಕನಿಯಲ್ಲಿ ಗೋಣಿಚೀಲ ಹಾಸಿ ಬಿಟ್ಟೆವು. ಊರಿನಿಂದ ತಂದ ರಾಗಿಹಿಟ್ಟಿನ ಗಂಜಿಗೆ ಹಾಲು ಬೆರೆಸಿ ಹಾಕುತ್ತಿದ್ದೆ. ಹೊಟ್ಟೆಯಲ್ಲಿ ಹುಳುವಾಗಿ ಡೊಳ್ಳಿನ ಹಾಗೆ ಊದಿಕೊಂಡಿತು, ಔಷಧಿ ಕುಡಿಸಿದ್ದಾಯಿತು. ಸೂಜಿ ಹಾಕಿಸಿದ್ದಾಯಿತು. ಹಲ್ಲು ನವೆಯಾಗಿ ನನ್ನ ಎರಡು ಜೊತೆ ಚಪ್ಪಲಿ ತಿಂದು ಮುಗಿಸಿತು. ಕಂಡಕಂಡಲ್ಲಿ ಉಚ್ಚೆ. ಒರೆಸಿ ಒರೆಸಿ ಸೊಂಟ ಬಿದ್ದುಹೋಗುತ್ತಿತ್ತು. ನಾನು ಸುತ್ತಿದ ಪೇಪರು ಹಿಡಿದು, ಬೆರಳೆತ್ತಿ, "ಕೂತ್ಕೋ! ಅಲ್ಲೇ ಇರು! ಬಾಯಿ ಹಾಕ್ಬೇಡ! ಒದೆ ಬೀಳುತ್ತೆ!" ಎಂದು ದಿನವಿಡೀ ಕೂಗುತ್ತಿದ್ದೆ. ಮರಿ ವಾರದೊಳಗೆ ಕಲಿತಿತು. ಕೂತ್ಕೋ ಎಂದರೆ ಕೂರುತ್ತಿತ್ತು.

ಮಗಳಿಗೆ ವಾರ ಸಾಲಲಿಲ್ಲ. ಶಾಲೆಯಿಂದ ಬಂದವಳು ಚೀಲ ಎಸೆದು ಬಾಲ್ಕನಿಯ ಜಾಲರಿ ಬಾಗಿಲಿಗೆ ಆತುಕೊಳ್ಳುತ್ತಿದ್ದಳು. ಆಚೆಯಿಂದ ಮರಿ ಕುಂಯ್‌ಗುಟ್ಟುತ್ತ ಜಾಲರಿ ಕೆರೆಯುತ್ತಿತ್ತು. "ಮಮ್ಮೀ, ಪ್ಲೀಸ್" ಎನ್ನುತ್ತಿದ್ದಳು. ನಾನು ತರಕಾರಿ ಹೆಚ್ಚುತ್ತ, "ಕನ್ನಡದಲ್ಲಿ ಕೇಳು" ಎನ್ನುತ್ತಿದ್ದೆ. ಅವಳಿಗೆ ಕನ್ನಡದ ಮಾತು ಸಿಗುತ್ತಿರಲಿಲ್ಲ. ಒಂದು ದಿನ ಅರ್ಧ ಗಂಟೆ ಹಾಗೇ ನಿಲ್ಲಿಸಿದೆ. ಚಿಲಕ ತೆಗೆದುಬಿಡು ಎಂದು ಗಂಡ ಹೇಳಿದರೆ, ನಿಮ್ಮ ತಾಯಿ ಬಂದಾಗ ಉತ್ತರ ಹೇಳುವವಳು ನಾನು ಎಂದು ಬಾಯಿ ಮುಚ್ಚಿಸಿದೆ. ಸುಳ್ಳೇಕೆ, ಅವಳನ್ನು ಹಾಗೆ ನಿಲ್ಲಿಸುವುದರಲ್ಲಿ ನನಗೆ ಒಂದು ಥರ ಸುಖವೂ ಇತ್ತು.

ಕೊನೆಗೂ ಮಾತು ಬಂತು. ಮರಿಗೆ ನಾನು ಹೇಳುತ್ತಿದ್ದುದನ್ನೇ ಅವಳೂ ಹೇಳತೊಡಗಿದಳು. ಕೂತ್ಕೋ, ತಿನ್ನು, ಏಳ್ಬೇಡ. ಉಚ್ಚಾರಣೆ ಅಚ್ಚುಕಟ್ಟು. ನಾನು ಉಬ್ಬಿಹೋದೆ.

ಅತ್ತೆ ಬಂದರು. ಎರಡು ದಿನದ ರೈಲಿನಲ್ಲಿ ಕಾಲು ಊದಿಸಿಕೊಂಡು ಬಂದವರು ನಡುಮನೆಯ ಕುರ್ಚಿಯಲ್ಲಿ ಕೂತು, ಇನ್ನೇನು ಮಂಡಿ ಹಿಡಿದುಕೊಂಡು ಏಳಬೇಕು, ಅಷ್ಟರಲ್ಲಿ ಮಗಳು ತಟ್ಟೆಯಲ್ಲಿ ಅಲ್ಲಿಯ ಕಡಲೆಹಿಟ್ಟಿನ ತಿಂಡಿ ಖಮಣ್ ಹಿಡಿದು ಓಡಿಬಂದಳು. ಯಾರೂ ಹೇಳಿರಲಿಲ್ಲ, ಅಜ್ಜಿಗೆಂದು ತಾನೇ ಹಾಕಿಕೊಂಡು ಬಂದದ್ದು. ಮುಖ ಅರಳಿತ್ತು. ಬೆರಳೆತ್ತಿ, "ಕೂತ್ಕೋ! ಅಲ್ಲೇ ಇರು! ತಿನ್ನು! ಚೆಲ್ಲಿದ್ರೆ ಒದೆ ಬೀಳುತ್ತೆ!" ಎಂದಳು. ಹೇಳಿ, ಹೇಗಿದೆ ನನ್ನ ಕನ್ನಡ ಎಂಬಂತೆ ನನ್ನ ಕಡೆ ನೋಡಿ ನಕ್ಕಳು.

ನಾನು ಕೆನ್ನೆಗೆ ಬಾರಿಸಿದೆ. ಖಮಣ್ ನೆಲದ ಮೇಲೆಲ್ಲ ಚೆಲ್ಲಿತು.

ಅತ್ತೆ ನಿಧಾನವಾಗಿ ಬಗ್ಗಿ ಒಂದು ತುಂಡು ಎತ್ತಿ ತಟ್ಟೆಗೆ ಹಾಕಿದರು. "ಅವಳಿಗ್ಯಾಕೆ ಹೊಡೀತೀಯ? ಅವಳ ಬಾಯಲ್ಲಿ ಇರೋದು ನಿನ್ನ ಮಾತೇ ಕಣಮ್ಮ" ಎಂದರು. ಮದುವೆಮನೆಯಲ್ಲಿ ಅಂದದ್ದಕ್ಕಿಂತ ಇದು ಹೆಚ್ಚು ಚುಚ್ಚಿತು.

ಸ್ವಲ್ಪ ಹೊತ್ತಿಗೆ ಬಾಲ್ಕನಿಯಿಂದ ಮಾತು ಕೇಳಿಸಿತು. ಬಾಗಿಲ ಹಿಂದೆ ನಿಂತೆ. ಮಗಳು ಗೋಣಿಚೀಲದ ಮೇಲೆ ಕೂತು ಮರಿಯನ್ನು ಮಡಿಲಲ್ಲಿ ಹಾಕಿಕೊಂಡು ಗುಜರಾತಿಯಲ್ಲಿ ಮಾತಾಡುತ್ತಿದ್ದಳು. "ಮಾರೋ ದೀಕರೋ", ನನ್ನ ಮಗನೇ, ಎಂದು ಪಕ್ಕದ ಮನೆಯಾಕೆ ತನ್ನ ಮಕ್ಕಳನ್ನು ಕರೆಯುವ ಹಾಗೆ. ಹೊಟ್ಟೆ ತುಂಬಿತೇ, ಅಮ್ಮನ ನೆನಪಾಗುತ್ತದೆಯೇ, ಹೆದರಬೇಡ, ನಾನಿದ್ದೇನೆ. ತಡವರಿಕೆಯೇ ಇಲ್ಲ. ಮರಿ ಕಿವಿ ಹಿಂದಕ್ಕೆ ಮಾಡಿ ಅವಳ ಕೆನ್ನೆ ನೆಕ್ಕುತ್ತಿತ್ತು. ಇದು ಇವತ್ತಿನದಲ್ಲ, ನಾನು ಸಂತೆಗೆ ಹೋದಾಗ, ಸ್ನಾನಕ್ಕೆ ಹೋದಾಗ, ಮೂರು ತಿಂಗಳಿಂದ ನಡೆದಿತ್ತು ಎಂದು ಆಗ ಹೊಳೆಯಿತು. ನನಗೆ ಹೊಟ್ಟೆಕಿಚ್ಚಾಯಿತು. ನಾಯಿಮರಿಯ ಮೇಲೆ ಹೊಟ್ಟೆಕಿಚ್ಚು ಪಟ್ಟ ಹೆಂಗಸು ನಾನು.

ಮಾರನೇ ದಿನ ಬೆಳಿಗ್ಗೆಯೇ ಗಂಡನ ಬ್ಯಾಂಕಿನ ಜವಾನನನ್ನು ಕರೆಸಿದೆ. ಅವನಿಗೆ ಊರಾಚೆ ಹೊಲದಲ್ಲಿ ಮನೆ, ಕಾವಲಿಗೆ ನಾಯಿ ಬೇಕಿತ್ತು. ಸ್ಕೂಟರಿನ ಮುಂದೆ ಬಿದಿರು ಬುಟ್ಟಿ ಇಟ್ಟುಕೊಂಡು ಬಂದ. ಮರಿಯನ್ನು ಕೆಳಗೆ ಒಯ್ದೆ. ಅದು ಅವನ ಕೈಗೆ ಸಿಗದೆ ಒದ್ದಾಡಿತು. ನಾನು ಬೆರಳೆತ್ತಿ "ಕೂತ್ಕೋ" ಎಂದೆ. ಬುಟ್ಟಿಯೊಳಗೆ ಕೂತಿತು.

ಮಗಳು ಮೆಟ್ಟಿಲು ಇಳಿದು ಓಡಿಬಂದು ನನ್ನ ಸೀರೆ ಹಿಡಿದಳು. ಅತ್ತೆ ಅವಳ ಹಿಂದೆಯೇ ಗೋಡೆ ಹಿಡಿದುಕೊಂಡು ಇಳಿಯುತ್ತಿದ್ದರು. "ಅಮ್ಮಾ, ಅದನ್ನ ಕಳಿಸ್ಬೇಡಮ್ಮ. ಇನ್ಮೇಲೆ ನಾನು ಅದರ ಹತ್ರ ಕನ್ನಡದಲ್ಲೇ ಮಾತಾಡ್ತೀನಿ. ಗುಜರಾತೀಲಿ ಮಾತಾಡಲ್ಲಮ್ಮ, ಯಾವತ್ತೂ ಮಾತಾಡಲ್ಲ."

ಅಷ್ಟುದ್ದ ಕನ್ನಡವನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನಾನು ಅವಳ ಮುಖ ನೋಡಲಿಲ್ಲ. ಅತ್ತೆಗೆ ಕೇಳಿಸಿತೋ ಇಲ್ಲವೋ ಎಂದು ಅವರ ಮುಖ ನೋಡಿದೆ. ಕೇಳಿಸಿದೆ ಎಂದು ಖಾತ್ರಿಯಾದ ಮೇಲೆ, ಹೊರಡು ಎಂದು ಜವಾನನಿಗೆ ಕೈ ಮಾಡಿದೆ.